ಜಾಲತಾಣವೂ ಸಂಸ್ಥೆಯ ಬಾಗಿಲೇ
(ಉಚಿತ ವಿದ್ಯಾರ್ಥಿನಿಲಯಗಳ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)

 

ಕಳೆದ ಜೂನ್ ತಿಂಗಳಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ನಮ್ಮ ವಿದ್ಯಾರ್ಥಿನಿಲಯದ ಕಚೇರಿಗೆ ಬಂದರು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದರು. ಅರ್ಜಿಯ ಕೊನೆಯ ದಿನ ಕಳೆದು ನಾಲ್ಕು ದಿನವಾಗಿತ್ತು. ‘ವೆಬ್‌ಸೈಟಿನಲ್ಲಿ ಹಾಕಿದ್ದೆವಲ್ಲ, ನೋಡಲಿಲ್ಲೇನವಾ?’ ಎಂದು ಕೇಳಿದೆ. ಹುಡುಗಿ ತನ್ನ ಮೊಬೈಲನ್ನು ನನ್ನ ಕೈಗೇ ಕೊಟ್ಟು, ‘ಎಲ್ಲೈತಿ, ನೀವ ತೋರಸ್ರಿ ಸರ’ ಎಂದಳು. ಆ ತಾಣದ ಹೊಣೆ ಹೊತ್ತವನು ನಾನೇ. ಹುಡುಕಲು ನನಗೇ ಐದು ನಿಮಿಷ ಬೇಕಾಯಿತು.

ಸೀಟುಗಳು ತುಂಬಿಹೋಗಿದ್ದವು. ಅವರು ಬಂದ ದಾರಿಯಲ್ಲೇ ಮರಳಿದರು. ಆ ರಾತ್ರಿ ನಾನು ನಮ್ಮ ತಾಣವನ್ನು ಮೊದಲ ಸಲ ಆ ಹುಡುಗಿಯ ಕಣ್ಣಿನಿಂದ ನೋಡಿದೆ.

ಏನು ಕಂಡಿತು? ಮುಖಪುಟದ ತುಂಬ ನಮ್ಮದೇ ಹಾರ-ಶಾಲುಗಳ ಚಿತ್ರ, ಒಂದರ ಹಿಂದೊಂದು ಓಡುತ್ತಿದ್ದವು. ಅದರ ಕೆಳಗೆ ಪದಾಧಿಕಾರಿಗಳ ಸಂದೇಶ. ಕೊನೆಯ ದಿನಾಂಕ ಮಾತ್ರ ಓಡುವ ಪಟ್ಟಿಯಲ್ಲಿ, ಓದಿ ಮುಗಿಸುವುದರೊಳಗೆ ಮಾಯ. ಬರುವವರಿಗೆ ಬೇಕಾದದ್ದನ್ನು ಒಳಮನೆಯಲ್ಲಿಟ್ಟು, ನಮಗೆ ಬೇಕಾದದ್ದನ್ನು ಹೊಸ್ತಿಲಲ್ಲಿ ಪೇರಿಸಿದ್ದೆವು.

ಆಮೇಲೆ ಮಾಡಿದ ಬದಲಾವಣೆಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು, ಮುಖಪುಟ. ಈಗ ಅಲ್ಲಿ ಮೂರೇ ಗುಂಡಿಗಳಿವೆ: ಪ್ರವೇಶಕ್ಕೆ ಅರ್ಜಿ, ದೇಣಿಗೆ, ಸಂಪರ್ಕ. ಚಿತ್ರಗಳು ಬೇರೆ ಪುಟಕ್ಕೆ ಹೋದವು. ಸಮಿತಿಯ ಹಿರಿಯರಿಗೆ ಇದು ಹಿಡಿಸಲಿಲ್ಲ, ಎರಡು ಸಭೆ ಇದೇ ಚರ್ಚೆಯಾಯಿತು. ಆ ತಾಯಿಯ ವಿಷಯ ಹೇಳಿದ ಮೇಲೆ ಒಪ್ಪಿದರು.

ಎರಡನೆಯದು, ಅಕ್ಷರ. ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಪ್ರಕಟಣೆಯನ್ನು ನಾವು ಚಿತ್ರವಾಗಿ ಏರಿಸುತ್ತಿದ್ದೆವು. ಚಿತ್ರದೊಳಗಿನ ಅಕ್ಷರ ಹುಡುಕಾಟದಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಣ್ಣು ಕಾಣದವರ ಮೊಬೈಲು ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿದೆ. ಯೂನಿಕೋಡಿನಲ್ಲಿ ಬರೆದರೆ ಟಾಕ್‌ಬ್ಯಾಕ್, ಎನ್‌ವಿಡಿಎಯಂಥ ಉಚಿತ ಸಾಧನಗಳು ಕನ್ನಡವನ್ನು ಗಟ್ಟಿಯಾಗಿ ಓದುತ್ತವೆ. ಅಂಧ ವಿದ್ಯಾರ್ಥಿಯೂ ಇನ್ನೊಬ್ಬರನ್ನು ಕೇಳದೆ ಅರ್ಜಿ ತುಂಬಬಹುದು.

ಮೂರನೆಯದು, ಬಣ್ಣ. ಕೇಸರಿಯ ಮೇಲೆ ಬಿಳಿ ಅಕ್ಷರ ನಮಗೆ ಚೆಂದ ಕಾಣುತ್ತಿತ್ತು, ಬಿಸಿಲಲ್ಲಿ ನಿಂತು ಓದುವವರಿಗೆ ಏನೂ ಕಾಣುತ್ತಿರಲಿಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಅಂತರವಿರಬೇಕು ಎನ್ನುತ್ತದೆ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ. ತಿಳಿ ಕೇಸರಿಯ ಮೇಲಿನ ಬಿಳಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ. ಕೇಸರಿಯನ್ನು ತಲೆಪಟ್ಟಿಗಷ್ಟೇ ಉಳಿಸಿ, ಬಿಳಿಯ ಮೇಲೆ ಕಪ್ಪು ಅಕ್ಷರ ತಂದೆವು.

ನಾಲ್ಕನೆಯದು, ದೇಣಿಗೆ. ಹಣ ಯಾವುದಕ್ಕೆ ಹೋಗುತ್ತದೆ, ತೆರಿಗೆ ರಿಯಾಯಿತಿಯ ರಸೀದಿ ಹೇಗೆ ಸಿಗುತ್ತದೆ, ಕಳೆದ ವರ್ಷದ ಲೆಕ್ಕಪರಿಶೋಧನೆಯ ವರದಿ ಎಲ್ಲಿದೆ ಎಂಬುದನ್ನು ಒಂದೇ ಪುಟದಲ್ಲಿ ಹಾಕಿದೆವು. ಕೊಡುವ ಕೈಗೆ ಲೆಕ್ಕ ತೋರಿಸುವುದು ದಾಸೋಹದ ಭಾಗವೇ.

‘ಇದಕ್ಕೆಲ್ಲ ದುಡ್ಡೆಲ್ಲಿ?’ ಎಂದು ಕೇಳುವಿರಿ. ಬೇಡವಾದದ್ದನ್ನು ತೆಗೆಯಲು ದುಡ್ಡು ಬೇಕಿಲ್ಲ. ಪರೀಕ್ಷೆಗೂ ಬೇಕಿಲ್ಲ. ಐದು ಜನರ ಕೈಲಿ ಬಳಸಿ ನೋಡಿದರೆ ಬಹುಪಾಲು ತೊಡಕುಗಳು ಗೊತ್ತಾಗುತ್ತವೆ ಎಂದು ಈ ವಿಷಯದ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದರು. ನಾವು ಅಡುಗೆಯವರ ಮಗಳು, ಕಾವಲುಗಾರರು, ಇಬ್ಬರು ವಿದ್ಯಾರ್ಥಿಗಳು, ಒಬ್ಬ ನಿವೃತ್ತ ಶಿಕ್ಷಕರು, ಇವರನ್ನು ಕೂರಿಸಿಕೊಂಡೆವು. ‘ಕೊನೆಯ ದಿನಾಂಕ ಹುಡುಕಿ’ ಎಂದು ಹೇಳಿ ಸುಮ್ಮನಾದೆವು. ಸುಮ್ಮನಿರುವುದೇ ಕಷ್ಟದ ಕೆಲಸ! ಅವರು ತಡವರಿಸಿದಾಗ ತಪ್ಪು ಅವರದಲ್ಲ, ನಮ್ಮದು.

ಬಂಧುಗಳೇ, ಊರಿಗೆ ಹೋದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಸಂಸ್ಥೆಯ ತಾಣವನ್ನು ಸಾದಾ ಮೊಬೈಲಿನಲ್ಲಿ ತೆರೆದು, ಅದನ್ನು ಎಂದೂ ನೋಡದವರ ಕೈಗೆ ಕೊಡಿ. ಅವರಿಗೆ ದಾರಿ ಸಿಗದಿದ್ದರೆ ಅಂದೇ ಸರಿಪಡಿಸಲು ಕೂಡಿರಿ. ಎರಡು ಬಸ್ಸು ಬದಲಿಸಿ ಬಂದ ಇನ್ನೊಬ್ಬ ತಾಯಿ ಬರಿಗೈಯಲ್ಲಿ ಮರಳಬಾರದು.