‘ಅರ್ಥವಾಯಿತೇ?’ ಎಂದು ಕೇಳಿದರೆ ಸಾಲದು

(ಬನ್ನಂಜೆಯಲ್ಲಿ ಗ್ರಾಮ ಪಂಚಾಯತ್ ಸದಸ್ಯರು ಹಾಗೂ ಆಶಾ ಕಾರ್ಯಕರ್ತೆಯರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬನ್ನಂಜೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಇಳಿಯುವವರಲ್ಲಿ ಎಕ್ಸ್‌ರೇ ಮತ್ತು ಹಳೆಯ ಚೀಟಿಗಳನ್ನು ಕೈಚೀಲದಲ್ಲಿ ಜತನದಿಂದ ಹಿಡಿದವರು ಕೆಲವರಾದರೂ ಇರುತ್ತಾರೆ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಗೋ ಮಣಿಪಾಲಕ್ಕೋ ಹೊರಟವರು ಅವರು. ಉಡುಪಿಯ ಆಸ್ಪತ್ರೆಗಳಿಗೆ ಕಾಪು, ಕಾರ್ಕಳದ ತುಳು ಭಾಷಿಕರು ಬರುತ್ತಾರೆ. ಕುಂದಗನ್ನಡ, ಕೊಂಕಣಿ, ಬ್ಯಾರಿ ಆಡುವವರು ಬರುತ್ತಾರೆ. ಘಟ್ಟದ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರಿನವರೂ ಬರುತ್ತಾರೆ. 1953ರಲ್ಲಿ ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ಅನ್ಯ ರಾಜ್ಯಗಳ ವೈದ್ಯರು, ವಿದ್ಯಾರ್ಥಿಗಳು, ಶುಶ್ರೂಷಕಿಯರು ಇವರನ್ನು ಎದುರುಗೊಳ್ಳುವುದು ಇಲ್ಲಿ ಸಹಜವಾಗಿದೆ.

ತುಳುವಿನಲ್ಲಿ ‘ಬಂಜಿ’ ಎಂದರೆ ಹೊಟ್ಟೆ, ‘ಕಾರ್’ ಎಂದರೆ ಕಾಲು. ವೃದ್ಧೆಯೊಬ್ಬರು ‘ಬಂಜಿ ಬೇನೆ’ ಎಂದಾಗ, ಪುಸ್ತಕದಿಂದ ಕನ್ನಡ ಕಲಿತ ವಿದ್ಯಾರ್ಥಿಗೆ ‘ಬಂಜೆ’ ಎಂಬ ಪದ ನೆನಪಾದರೆ ಆಶ್ಚರ್ಯವಿಲ್ಲ. ಆದರೆ ಇಂತಹ ತಪ್ಪು ಕೂಡಲೇ ಬಯಲಾಗುತ್ತದೆ. ಇಬ್ಬರೂ ಒಂದೇ ಭಾಷೆ ಆಡಿ, ಇಬ್ಬರಿಗೂ ಅರ್ಥವಾಯಿತೆಂದು ಭಾವಿಸಿ ಬೀಳ್ಕೊಂಡಾಗ ಉಳಿಯುವ ತಪ್ಪೇ ಹೆಚ್ಚು ಅಪಾಯಕಾರಿ.

ಒಂದು ಉದಾಹರಣೆಯನ್ನು ಪರಿಗಣಿಸಬಹುದು. ಮಲ್ಪೆಯಿಂದ ನಸುಕಿನಲ್ಲಿ ದೋಣಿ ಏರುವ ಮೀನುಗಾರರೊಬ್ಬರಿಗೆ ಮಧುಮೇಹವಿದೆ. ಚೀಟಿಯಲ್ಲಿ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದು ಬರೆದಿದೆ. ಅವರು ನಸುಕಿಗೇ ಮಾತ್ರೆ ನುಂಗಿ ಹೊರಡುತ್ತಾರೆ. ಗಂಜಿ ಉಣ್ಣುವುದು ಬಲೆ ಎಳೆದ ಮೇಲೆ. ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ಸೇವಿಸಿ ಆಹಾರ ತೆಗೆದುಕೊಳ್ಳದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಬೆವರು, ನಡುಕ, ಮಂಪರು, ಕೊನೆಗೆ ಪ್ರಜ್ಞಾಹೀನತೆ. ಅಷ್ಟು ಹೊತ್ತಿಗೆ ದಡ ದೂರವಿರುತ್ತದೆ. ಇಲ್ಲಿ ಯಾರೂ ಸುಳ್ಳಾಡಿಲ್ಲ. ಎಷ್ಟು ಹೊತ್ತಿಗೆ ಉಣ್ಣುತ್ತೀರಿ ಎಂದು ವೈದ್ಯರು ಕೇಳಲಿಲ್ಲ. ರೋಗಿ ತಾವಾಗಿ ಹೇಳಲಿಲ್ಲ.

ಇದೇ ಬಗೆಯ ಅಪಾಯಗಳು ಇನ್ನೂ ಇವೆ. ಸಂಧಿವಾತಕ್ಕೆ ನೀಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣಕ್ಕೇ ಸಂಚಕಾರ. ಮಕ್ಕಳ ಸಿರಪ್‌ನ ‘ಒಂದು ಚಮಚ’ ಎಂದರೆ 5 ಮಿಲಿಲೀಟರ್. ಅಡುಗೆಮನೆಯ ಚಮಚಗಳ ಅಳತೆ ಮನೆಯಿಂದ ಮನೆಗೆ ಬೇರೆ.

ಹೊರಡುವಾಗ ‘ಅರ್ಥವಾಯಿತೇ?’ ಎಂದು ಕೇಳುವ ವಾಡಿಕೆ ಎಲ್ಲೆಡೆ ಇದೆ. ಹಿರಿಯರಿಂದ ಬರುವ ಉತ್ತರ ‘ಹೂಂ’. ಅನೇಕ ವೇಳೆ ಆ ‘ಹೂಂ’ ಗೌರವದ ಮಾತೇ ಹೊರತು ತಿಳಿವಳಿಕೆಯ ಸಾಕ್ಷಿಯಲ್ಲ. ಡಾಕ್ಟರರಿಗೆ ಎದುರಾಡಬಾರದು, ಹೊರಗೆ ಸಾಲು ದೊಡ್ಡದಿದೆ ಎಂಬ ಸಂಕೋಚ ಅದರಲ್ಲಿರುತ್ತದೆ. ಬಜ್ಪೆಯಲ್ಲಿ ಇಳಿಯುವ ವಿಮಾನದ ಪೈಲಟ್ ನಿಯಂತ್ರಣ ಗೋಪುರದ ಸೂಚನೆಗೆ ‘ಸರಿ’ ಎಂದರೆ ಸಾಲದು. ಸೂಚನೆಯನ್ನೇ ಮರಳಿ ನುಡಿಯಬೇಕು. ಆಸ್ಪತ್ರೆಯಲ್ಲೂ ಇದೇ ಕ್ರಮ ಸಲ್ಲುತ್ತದೆ: ‘ಮನೆಗೆ ಹೋಗಿ ಈ ಮಾತ್ರೆಯನ್ನು ಯಾವಾಗ, ಹೇಗೆ ತೆಗೆದುಕೊಳ್ಳುತ್ತೀರಿ? ನಾನು ಸರಿಯಾಗಿ ಹೇಳಿದೆನೋ ಇಲ್ಲವೋ ನೋಡಬೇಕು’ ಎಂದು ಕೇಳುವುದು. ಪರೀಕ್ಷೆ ರೋಗಿಯದ್ದಲ್ಲ, ಹೇಳಿದವರದ್ದು ಎಂದಾದಾಗ ಸಂಕೋಚ ಕಡಿಮೆಯಾಗುತ್ತದೆ.

ಈ ವಿಚಾರಕ್ಕೆ ಜಾಗತಿಕ ಮನ್ನಣೆಯೂ ಕಾನೂನಿನ ಬಲವೂ ಇವೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯ ಮೊದಲ ಹಂತವೇ ಅರಿವಳಿಕೆಗೆ ಮುನ್ನ ರೋಗಿಯ ಬಾಯಿಂದ ಆತನ ಗುರುತು, ಶಸ್ತ್ರಚಿಕಿತ್ಸೆಯ ಭಾಗ ಮತ್ತು ಒಪ್ಪಿಗೆಯನ್ನು ಖಚಿತಪಡಿಸಿಕೊಳ್ಳುವುದು. 2019ರಿಂದ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷತಾ ದಿನವಾಗಿದೆ. 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿಕಿತ್ಸೆಯ ಸ್ವರೂಪ, ಪರ್ಯಾಯ ಹಾಗೂ ಮುಖ್ಯ ಅಪಾಯಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಹೇಳಿದೆ. ಪ್ರಶ್ನಿಸುವುದು ಅವಿನಯವಲ್ಲ, ಅದು ರೋಗಿಯ ಹಕ್ಕು.

ಗ್ರಾಮ ಮಟ್ಟದಲ್ಲಿ ಮಾಡಬಹುದಾದ ಕೆಲಸ ಸರಳವಾದದ್ದು. ಆಸ್ಪತ್ರೆಯಿಂದ ಮರಳಿದವರ ಮನೆಗೆ ಆಶಾ ಕಾರ್ಯಕರ್ತೆಯರು ಹೋದಾಗ ಮೂರು ಪ್ರಶ್ನೆ ಕೇಳಲಿ: ಯಾವ ಮಾತ್ರೆ ಯಾವುದಕ್ಕೆ? ಯಾವಾಗ, ಉಂಡ ಮೇಲೋ ಮೊದಲೋ? ಯಾವ ಲಕ್ಷಣ ಕಂಡರೆ ತಕ್ಷಣ ಹಿಂದಿರುಗಬೇಕು? ಉತ್ತರವನ್ನು ರೋಗಿಯ ಮನೆಮಾತಿನಲ್ಲೇ ಕೇಳಲಿ. ತಪ್ಪಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಲಿ. ತಾವಾಗಿ ಮದ್ದು ಬದಲಿಸುವುದು ಬೇಡ. ಆಸ್ಪತ್ರೆಗೆ ಹೋಗುವವರು ನಾಟಿ ಮದ್ದೂ ಸೇರಿದಂತೆ ಸೇವಿಸುತ್ತಿರುವ ಎಲ್ಲವನ್ನೂ ಒಂದೇ ಚೀಲದಲ್ಲಿ ಒಯ್ಯಲಿ. ಹಿಂದೆ ಯಾವ ಔಷಧ ಒಗ್ಗಲಿಲ್ಲವೆಂಬುದನ್ನು ಮುಚ್ಚಿಡದೆ ಹೇಳಲಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ.

ಇದಕ್ಕೆ ಅನುದಾನವಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ಚೀಟಿ ಕೊಟ್ಟ ಬಳಿಕ ಎರಡು ನಿಮಿಷ ನಿಂತು, ಹೇಳಿದ್ದನ್ನು ಮರಳಿ ಹೇಳಿಸಿಕೊಳ್ಳುವ ತಾಳ್ಮೆ ಬೇಕು. ಮೀನುಗಾರರು ದಡ ಬಿಡುವ ಮೊದಲೇ ಆ ಮಾತು ನಡೆಯಬೇಕು.