ಕಾಲುಬಾಯಿ ಜ್ವರ: ಜೊಲ್ಲು ಸುರಿಯುವ ಮೊದಲೇ ಗುರುತಿಸಿ

(ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



2013ರ ಕಾಲುಬಾಯಿ ಜ್ವರವನ್ನು ನೀವು ಮರೆತಿರಲಾರಿರಿ. ಆ ವರ್ಷ ನಮ್ಮ ಜಿಲ್ಲೆಯೂ ಸೇರಿದಂತೆ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು. ಇದು ವೈರಾಣುವಿನಿಂದ ಬರುವ ರೋಗ. ಆ ವೈರಾಣುವನ್ನು ಕೊಲ್ಲುವ ಔಷಧಿ ಇಲ್ಲ. ಲಸಿಕೆ ಹಾಕಿಸುವುದು, ಬೇಗ ಗುರುತಿಸುವುದು, ಇವೆರಡೇ ನಮ್ಮ ಕೈಲಿರುವುದು.

ಜೊಲ್ಲು ಸುರಿದು ಹಸು ಕುಂಟಿದಾಗ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಅದಕ್ಕೂ ಒಂದೆರಡು ದಿನ ಮೊದಲೇ ಹಾಲಿನಲ್ಲಿ, ಉಸಿರಿನಲ್ಲಿ ವೈರಾಣು ಹೊರಬೀಳುತ್ತಿರುತ್ತದೆ. ಆದ್ದರಿಂದ ಪಕ್ಕದ ಊರಿನಲ್ಲಿ ರೋಗವಿದೆ ಎಂದು ಕೇಳಿದ ದಿನದಿಂದಲೇ ಬೆಳಿಗ್ಗೆ ಹಾಲು ಕರೆಯುವ ಮುನ್ನ ಪ್ರತಿ ರಾಸಿನ ಜ್ವರ ನೋಡಿ. ಥರ್ಮಾಮೀಟರನ್ನು ಗುದದ್ವಾರದಲ್ಲಿ ಇಡಬೇಕು. ಸೋಪಿನಿಂದ ತೊಳೆದೇ ಇನ್ನೊಂದು ರಾಸಿಗೆ ಇಡಬೇಕು. 101ರಿಂದ 102 ಡಿಗ್ರಿ ಸಹಜ. 104 ದಾಟಿದರೆ, ಹಾಲು ಏಕಾಏಕಿ ಇಳಿದರೆ, ಮೇವು ಬಿಟ್ಟು ಮೆಲುಕು ನಿಲ್ಲಿಸಿದರೆ ಆ ಹಸುವನ್ನು ಕೂಡಲೇ ಬೇರೆ ಕಟ್ಟಿ. ನಂತರ ನಾಲಿಗೆ, ವಸಡು, ಗೊರಸಿನ ಸಂದು, ಕೆಚ್ಚಲಿನ ತೊಟ್ಟುಗಳಲ್ಲಿ ನೀರುಗುಳ್ಳೆ ಇದೆಯೇ ನೋಡಿ.

ಎಲ್ಲ ಜ್ವರವೂ ಕಾಲುಬಾಯಿ ಜ್ವರವಲ್ಲ. ಹಸು ಕುಂಟುತ್ತಿದ್ದು ಎಲ್ಲೂ ಗುಳ್ಳೆ ಇಲ್ಲದಿದ್ದರೆ ಮೂರು ದಿನದ ಜ್ವರವಿರಬಹುದು. ಮೈಮೇಲೆ ಗಟ್ಟಿ ಗಂಟುಗಳು ಎದ್ದಿದ್ದರೆ 2022ರಲ್ಲಿ ರಾಜ್ಯದಲ್ಲಿ ಹರಡಿದ್ದ ಚರ್ಮಗಂಟು ರೋಗವಿರಬಹುದು. ಆದರೆ ಎಳೆಗರು ಗುಳ್ಳೆಯೇ ಇಲ್ಲದೆ ದಿಢೀರನೆ ಸತ್ತರೆ ಕಾಲುಬಾಯಿ ಜ್ವರವನ್ನು ಅನುಮಾನಿಸಿ. ಅದು ಕರುವಿನ ಹೃದಯಕ್ಕೇ ಹೊಡೆಯುತ್ತದೆ. ಮಳವಳ್ಳಿ ಕಡೆ ಬಂಡೂರು ಕುರಿ ಸಾಕುವವರು ಇನ್ನೊಂದು ಮಾತು ಗಮನಿಸಬೇಕು. ಕುರಿ, ಮೇಕೆಗಳಲ್ಲಿ ಈ ರೋಗ ಕಂಡೂ ಕಾಣದಂತಿದ್ದು ಅದೇ ಕೊಟ್ಟಿಗೆಯ ಹಸುವಿಗೆ ಅಂಟುತ್ತದೆ.

ಅನುಮಾನ ಬಂದ ರಾಸನ್ನು ಆಸ್ಪತ್ರೆಗೆ ಹೊಡೆದುಕೊಂಡು ಬರಬೇಡಿ. ದಾರಿಯುದ್ದಕ್ಕೂ, ಆಸ್ಪತ್ರೆಗೆ ಬಂದ ಬೇರೆ ಹಸುಗಳಿಗೂ ರೋಗ ಹರಡುತ್ತದೆ. ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ ಅಥವಾ 1962ಕ್ಕೆ ಫೋನ್ ಮಾಡಿ; ವೈದ್ಯರೇ ಕೊಟ್ಟಿಗೆಗೆ ಬರಲಿ. ರೋಗದ ಹಸುವನ್ನು ಕೊನೆಯಲ್ಲಿ ಕರೆಯಿರಿ. ಅದರ ಹಾಲನ್ನು ಡೇರಿಗೆ ಹಾಕಬೇಡಿ, ಕರುವಿಗೂ ಕುಡಿಸಬೇಡಿ. 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಬೆರೆಸಿ ಕೊಟ್ಟಿಗೆ ತೊಳೆಯಿರಿ.

ಬಟವಾಡೆ ಕಡಿಮೆಯಾದೀತೆಂದು ರೋಗ ಮುಚ್ಚಿಡುವವರೂ ಇದ್ದಾರೆ. ಒಬ್ಬರು ಮುಚ್ಚಿಟ್ಟರೆ ಊರಿನವರೆಲ್ಲರ ಬಟವಾಡೆ ಹೋಗುತ್ತದೆ. ಹಾಗೆಯೇ, ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತದೆಂದು ಹಿಂಜರಿಯಬೇಡಿ. ಇಳಿದರೂ ಅದು ಕೆಲವು ದಿನದ ಮಾತು. ನಾಲ್ಕು ತಿಂಗಳು ತುಂಬಿದ ಕರುವಿನಿಂದ ಹಿಡಿದು ಎಲ್ಲ ರಾಸುಗಳಿಗೂ ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಿ.