ಹರಿಗೋಲು ಇಟ್ಟುಕೊಂಡ ಮನೆಯವರಿಗೆ



ಬೀಜ ಗೊಬ್ಬರದ ಮಾತು ಬಿಟ್ಟು ಇವನು ಹೊಳೆಗೆ ಯಾಕೆ ಇಳಿದ ಅಂತ ಕೇಳೀರಿ. ತುಂಗಭದ್ರೆಯ ದಂಡೆಯಲ್ಲಿರುವ ರೈತನಿಗೆ ಹೊಳೆಯೂ ಹೊಲದ ಒಂದು ಬದುವೇ ತಾನೆ? ಮನೆ ಈಚೆಗೆ, ಗದ್ದೆ ಆಚೆಗೆ. ಇದರ ಮೇಲೆ ಸೂಟಿಗೆ ಬಂದ ಮೊಮ್ಮಕ್ಕಳು "ಅಜ್ಜಾ, ಹರಿಗೋಲಿನ್ಯಾಗ ಒಂದು ಸುತ್ತು ಹಾಕ್ಸು" ಎಂದು ಗಂಟುಬಿದ್ದರೆ ಇಲ್ಲವೆನ್ನಲು ಯಾರಿಗೆ ಮನಸ್ಸಾದೀತು? ನನಗೆ ಹೆಚ್ಚು ಭಯವಾಗುವುದು ಆ ವಿಹಾರದ ದಿನವೇ. ದಿನಾ ದಾಟುವವರು ಕುಳಿತ ಕಡೆ ಕುಳಿತಿರುತ್ತಾರೆ. ನೆಂಟರು ಎದ್ದು ನಿಲ್ಲುತ್ತಾರೆ, ಫೋಟೋ ತೆಗೆಯಲು ಎಲ್ಲರೂ ಒಂದೇ ಬದಿಗೆ ವಾಲುತ್ತಾರೆ.

ಹರಿಗೋಲು ನಮಗೆ ಹೊಸದಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಮೈಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಜನ ಈ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ತೊಗಲು ಹೋಗಿ ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಬಿದಿರಿನ ಹೆಣಿಗೆ ಮಾತ್ರ ಇಂದಿಗೂ ಉಳಿದಿದೆ.

ಆ ಬಿದಿರಿನಿಂದಲೇ ಆರಂಭಿಸೋಣ. ಹೊಸ ಹರಿಗೋಲು ಹೆಣಿಸುವವರು ಮೂರು ವರ್ಷ ತುಂಬಿದ, ಬಲಿತ ಬಿದಿರನ್ನೇ ಆರಿಸತಕ್ಕದ್ದು. ಎಳೆಯ ಬಿದಿರಿನಲ್ಲಿ ಸಿಹಿ ಅಂಶ, ಹಿಟ್ಟಿನ ಅಂಶ ಜಾಸ್ತಿ. ಕೊರೆಯುವ ಹುಳುವಿಗೆ ಅದೇ ಊಟ. ಕಡಿದ ಬಿದಿರನ್ನು ಮೂರು ನಾಲ್ಕು ವಾರ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ನೆರಳಲ್ಲಿ ಒಣಗಿಸಿದರೆ ಆ ಅಂಶ ಬಹುಮಟ್ಟಿಗೆ ಇಳಿದುಹೋಗುತ್ತದೆ. ಹಳೆಯ ಹರಿಗೋಲಿನ ಕೆಳಗೆ ನಯವಾದ ಹಿಟ್ಟು ಉದುರಿದ್ದರೆ ಹುಳು ಹತ್ತಿದೆ ಎಂದು ತಿಳಿಯಿರಿ. ಅಂಥ ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಕುಸಿದರೆ ಅದನ್ನು ಕಿತ್ತು ಹೊಸ ದಬ್ಬೆ ಹಾಕಿಸಲೇಬೇಕು, ಮೇಲೆ ಡಾಂಬರು ಬಳಿದು ಮುಚ್ಚಬಾರದು.

ತೂತು ಹುಡುಕಲು ಸುಲಭದ ಉಪಾಯವೊಂದಿದೆ. ಬಿಸಿಲಿನಲ್ಲಿ ಹರಿಗೋಲನ್ನು ಬೋರಲು ಎತ್ತಿ ಹಿಡಿಸಿ, ನೀವು ಒಳಗೆ ತಲೆ ಹಾಕಿ ನೋಡಿ. ಬೆಳಕಿನ ಚುಕ್ಕೆ ಕಂಡ ಕಡೆಯಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಮಾಡಿ. ಕೆಲವರು ಒಳಗೆ ನೀರು ತುಂಬಿ ಎಲ್ಲಿ ಸೋರುತ್ತದೆ ಎಂದು ನೋಡುತ್ತಾರೆ. ಅದು ಬೇಡ, ನೀರಿನ ಭಾರಕ್ಕೆ ಹೆಣಿಗೆಯೇ ಬಿಚ್ಚಿಕೊಳ್ಳುತ್ತದೆ. ಹೊರಮೈಯ ಮಣ್ಣು, ಪಾಚಿ ತಿಕ್ಕಿ, ಪೂರ್ತಿ ಒಣಗಿದ ಮೇಲೆ ತೇಪೆ ಹಚ್ಚಿ ಡಾಂಬರು ಬಳಿಯಬೇಕು. ಒದ್ದೆಯ ಮೇಲೆ ಬಳಿದದ್ದು ಹಪ್ಪಳದಂತೆ ಎದ್ದುಬರುತ್ತದೆ.

ಡಾಂಬರು ಕಾಯಿಸುವಾಗ ಬಣವೆ, ದನದ ಕೊಟ್ಟಿಗೆ, ಮಕ್ಕಳು ಎಲ್ಲ ದೂರವಿರಲಿ. ಕಾದ ಡಾಂಬರಿಗೆ ನೀರು ಬಿದ್ದರೆ ಸಿಡಿಯುತ್ತದೆ. ಮೈಮೇಲೆ ಬಿದ್ದರೆ ಕೀಳಲು ಹೋಗಬೇಡಿ, ಚರ್ಮವೂ ಅದರ ಜೊತೆ ಬಂದೀತು. ಇಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಭಾರದ ಮಾತು. ಹರಿಗೋಲಿನ ತಳ ಆರು ಅಡಿ ಅಗಲವಿದೆ ಎನ್ನಿ. ಅದು ನೀರಿನಲ್ಲಿ ಒಂದು ಅಂಗುಲ ಇಳಿಯಲು ಸುಮಾರು 66 ಕಿಲೋ ಭಾರ ಸಾಕು. ಅಂದರೆ ಒಬ್ಬ ಆಳು ಹತ್ತಿದರೆ ಒಂದು ಅಂಗುಲ. ಒಳಗೆ ಎರಡು ಅಂಗುಲ ನೀರು ಸೋರಿ ನಿಂತಿದೆಯೋ, ಇಬ್ಬರು ಕಾಣದ ಪ್ರಯಾಣಿಕರು ಕುಳಿತಂತೆಯೇ ಸರಿ. ಆ ಇಬ್ಬರು ಸುಮ್ಮನೆ ಕೂರುವವರೂ ಅಲ್ಲ, ಹರಿಗೋಲು ಯಾವ ಕಡೆ ವಾಲಿತೋ ಆ ಕಡೆಗೇ ಓಡುತ್ತಾರೆ! ಆದಕಾರಣ ಮೊಗೆಯಲು ಒಂದು ಡಬ್ಬ ಯಾವಾಗಲೂ ಒಳಗಿರಲಿ.

ಎಷ್ಟು ಜನ ಹತ್ತಬಹುದು? ಲೆಕ್ಕ ಬಾಯಲ್ಲಿ ಬೇಡ. ದಂಡೆಯ ಪಕ್ಕ, ಸೊಂಟದುದ್ದದ ನಿಂತ ನೀರಿನಲ್ಲಿ ಕಲ್ಲಿನ ಚೀಲಗಳನ್ನು ಒಂದೊಂದಾಗಿ ಇಡುತ್ತ ಬನ್ನಿ. ಅಂಚು ನೀರಿನಿಂದ ಒಂದು ಗೇಣು ನಾಲ್ಕು ಬೆರಳು ಮೇಲಿರುವಾಗ ನಿಲ್ಲಿಸಿ, ನೀರು ಮುಟ್ಟಿದಲ್ಲಿ ಸುತ್ತಲೂ ಬಿಳಿ ಬಣ್ಣದ ಗೆರೆ ಎಳೆಯಿರಿ. ಗೆರೆ ಮುಳುಗಿತೆಂದರೆ ಒಬ್ಬರು ಇಳಿಯಬೇಕು, ಅವರು ಬೀಗರೇ ಆಗಿರಲಿ. ಮೋಟಾರ್ ಸೈಕಲ್ ಹೇರುವ ರೂಢಿಯಂತೂ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ.

ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಬೇಕು, ಮಕ್ಕಳಿಗೆ ಮಕ್ಕಳ ಅಳತೆಯದೇ. ದಂಡೆಯಲ್ಲಿಯೇ ಕಟ್ಟಿಕೊಂಡು ಹತ್ತಬೇಕು, ಕುಳಿತುಕೊಳ್ಳಲು ಮೆತ್ತೆ ಮಾಡಿಕೊಂಡರೆ ಏನು ಬಂತು? ಇದರ ಜೊತೆಗೆ ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಡಬ್ಬಿಯೊಂದಕ್ಕೆ ಮುಚ್ಚಳ ಬಿಗಿದು, ಮೂವತ್ತು ಅಡಿ ಹಗ್ಗ ಕಟ್ಟಿಡಿ. ನೀರಿಗೆ ಬಿದ್ದವರ ಕಡೆ ಎಸೆಯಲು ಅದು ಬೇಕು. ಕೀಟನಾಶಕದ ಡಬ್ಬಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಚಿಕ್ಕ ಮಗುವನ್ನು ಸೆರಗಿನಿಂದ ಹರಿಗೋಲಿಗೆ ಕಟ್ಟುವ ತಾಯಂದಿರಿದ್ದಾರೆ. ಅವ್ವಾ, ಅದು ಮಗುಚಿದರೆ ಮಗು ಕೆಳಗೇ ಸಿಕ್ಕಿಬೀಳುತ್ತದೆ, ಕಟ್ಟಬೇಡಿ.

ನಮ್ಮ ಊರಲ್ಲಿ ಮಳೆಯಿಲ್ಲ, ಹೊಳೆ ಶಾಂತವಾಗಿದೆ ಎಂದು ನಂಬುವಂತಿಲ್ಲ. ತುಂಗಭದ್ರಾ ಆಣೆಕಟ್ಟಿಗೆ 33 ಗೇಟುಗಳಿವೆ. ಮಲೆನಾಡಿನಲ್ಲಿ ಸುರಿದ ಮಳೆಗೆ ಇಲ್ಲಿ ಗೇಟು ತೆರೆಯುತ್ತಾರೆ, ಕಂಪ್ಲಿಯ ಸೇತುವೆ ಮುಳುಗುವುದನ್ನು ನೀವೇ ಕಂಡಿದ್ದೀರಿ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದು ಗೇಟೇ ಕೊಚ್ಚಿಹೋಯಿತು, ನೀರು ತಡೆಯಿಲ್ಲದೆ ನುಗ್ಗಿತು. ಆದ್ದರಿಂದ ನೀರು ಬಿಡುವ ಸುದ್ದಿ, ಡಂಗುರ ಕೇಳಿದರೆ ಹರಿಗೋಲನ್ನು ಅಂದೇ ದಂಡೆಯ ಮೇಲಕ್ಕೆ ಎಳೆದಿಡಿ. ಸುದ್ದಿ ಬಾರದಿದ್ದರೂ ಒಂದು ಗುರುತಿದೆ: ದಂಡೆಯ ಬಂಡೆಗೆ ಗೆರೆ ಹಾಕಿಟ್ಟು ನೋಡಿ. ನೀರು ಏರುತ್ತಿದೆಯೋ, ಕೆಂಪಗೆ ತಿರುಗಿ ಕಸಕಡ್ಡಿ ತರುತ್ತಿದೆಯೋ, ಅಂದು ಗದ್ದೆ ಕಾಯಲಿ. ಸಂಜೆಗತ್ತಲಲ್ಲಿಯೂ, ಕುಡಿದವನ ಕೈಗೆ ಹುಟ್ಟು ಕೊಟ್ಟೂ ಹೊರಡಬೇಡಿ.

ಅಕಸ್ಮಾತ್ ಮಗುಚಿದರೆ ದಂಡೆಗೆ ಈಜುವ ಸಾಹಸ ಬೇಡ. ಬಿದಿರು ತೇಲುತ್ತದೆ, ಹರಿಗೋಲಿನ ಅಂಚು ಹಿಡಿದು ಅದರೊಡನೆಯೇ ಸಾಗಿ, ಕೂಗಿ ಕರೆಯಿರಿ. ದಂಡೆಯಲ್ಲಿದ್ದವರು ಹಗ್ಗದ ಡಬ್ಬಿ ಎಸೆಯಲಿ, ಗಳ ಚಾಚಲಿ. ಈಜು ಬಾರದವರು ನೀರಿಗೆ ಹಾರಬಾರದು.

ಮೇಲಕ್ಕೆ ತಂದವರನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ರೂಢಿಯಾಗಿದೆ. ಅದನ್ನು ಬಿಡಿ, ಬೆಲೆಯುಳ್ಳ ನಿಮಿಷಗಳು ಅದರಲ್ಲೇ ಹೋಗುತ್ತವೆ. ಅಂಗಾತ ಮಲಗಿಸಿ. ಉಸಿರಿಲ್ಲದಿದ್ದರೆ ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಊದಿ. ಆಮೇಲೆ ಎದೆಯ ನಡುವೆ 30 ಸಲ ಬಲವಾಗಿ ಒತ್ತುವುದು, ಎರಡು ಸಲ ಊದುವುದು, ಹೀಗೆ ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸದೆ ಮಾಡಿ. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೋ 112ಕ್ಕೋ ಫೋನ್ ಮಾಡಲಿ. ಉಸಿರು ಬಂದು ಎದ್ದು ಕುಳಿತರೂ ಮನೆಗೆ ಕರೆದೊಯ್ಯದೆ ನೇರವಾಗಿ ಆಸ್ಪತ್ರೆಗೆ ಕಳಿಸಿ. ಕೆಲವರಿಗೆ ಉಸಿರಾಟದ ತೊಂದರೆ ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ.